ಎರಡು ಲಕ್ಷ ಎಂಬತ್ತೇಳು ಸಾವಿರ ಕಿಲೋಮೀಟರ್

ಮಾರ್ಚ್ 4, ಮಂಗಳವಾರ. ಬೆಳಿಗ್ಗೆ 7.10

ಬಸ್ಸಿನಲ್ಲೇ ಬರೆಯುತ್ತಿದ್ದೇನೆ. ಅಕ್ಷರ ಕುಣಿಯುತ್ತಿವೆ. ತೊಡೆಯ ಮೇಲೆ ಆಡಿಯೋಮೀಟರ್ ಪೆಟ್ಟಿಗೆ, ಅದರ ಮೇಲೆ ಈ ಪುಸ್ತಕ. ಪೆಟ್ಟಿಗೆ ಎಂಟು ಕೆ.ಜಿ. ಇದೇನು ಹೊಲಿಗೆ ಮೆಷಿನ್ನಾ ಎಂದು ಪಕ್ಕದವರು ಕೇಳಿದರು. ಕಿವಿ ಪರೀಕ್ಷೆ ಮಾಡುವ ಮೆಷಿನ್ ಅಂದೆ. ಅನ್ನಬಾರದಿತ್ತು. ತಮ್ಮ ಎಡಗಿವಿಯ ಕಥೆ ಶುರು ಮಾಡಿದರು. ನಾಲ್ಕು ಸ್ಟಾಪ್ ದೂರ ಅದೇ ಕಥೆ.

ಕಾರು ಕೈಕೊಟ್ಟು ಇವತ್ತಿಗೆ ಹನ್ನೊಂದು ದಿನ. ಗೇರ್‌ಬಾಕ್ಸ್ ಹೋಯಿತು. ರಿಪೇರಿಗೆ ಹಾಕುವ ದುಡ್ಡಿಗೆ ಇನ್ನೊಂದು ಹಳೇ ಕಾರೇ ಬರುತ್ತದೆ ಅಂದ ಗ್ಯಾರೇಜಿನವನು. ಸರಿ, ಯಾವುದು ತಗೊಳ್ಳಲಿ ಎಂದು ಕೇಳಿದರೆ ತಲೆ ಕೆರೆದುಕೊಂಡ. ಕಿವಿ ಪರೀಕ್ಷೆಗೆಂದು ದಿನಕ್ಕೆ ಏಳು ಮನೆ ನೋಡುತ್ತಿದ್ದವಳು ಈಗ ಮೂರು. ಕ್ಲಿನಿಕ್ಕಿನ ಡಾಕ್ಟರಮ್ಮ ಇನ್ನೂ ಏನೂ ಅಂದಿಲ್ಲ. ಆದರೆ ನಿನ್ನೆ ಪಟ್ಟಿ ಕೊಡುವಾಗ ಕನ್ನಡಕದ ಮೇಲಿನಿಂದ ನೋಡಿದರು. ಆ ನೋಟ ನನಗೆ ಗೊತ್ತು.

ಸ್ಟಾಪ್ ಬಂತು—

ಮಾರ್ಚ್ 4. ಸಂಜೆ

ಇವರಿಗೆ ಹೇಳಿದೆ, ಈ ವಾರ ಏನಾದರೊಂದು ತೀರ್ಮಾನ ಆಗಲೇಬೇಕು ಎಂದು. ನೋಡೋಣ ಅಂದರು.

ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ಈ 'ನೋಡೋಣ'ವನ್ನು ಎಷ್ಟು ಸಲ ಕೇಳಿದ್ದೇನೋ. ಫ್ರಿಜ್ ತರುವುದಕ್ಕೆ ಹದಿನಾಲ್ಕು ತಿಂಗಳು ಮೀನಮೇಷ ಎಣಿಸಿದ ಮನುಷ್ಯ. ಕಾಲೇಜು ಲೈಬ್ರರಿಯಲ್ಲಿ ಕೆಲಸ, ಎಲ್ಲವನ್ನೂ ಕಾರ್ಡಿನ ಮೇಲೆ ಬರೆದು ವಿಂಗಡಿಸುವ ಅಭ್ಯಾಸ. ಊಟದ ಮೇಜಿನ ಮೇಲೆ ಈಗಾಗಲೇ ಕಾರುಗಳ ಕಾರ್ಡ್. ಪೆಟ್ರೋಲಿನವು ಬಿಳಿ, ಡೀಸೆಲ್ ಹಳದಿ, ಹೈಬ್ರಿಡ್ ಹಸಿರು. ಬಣ್ಣಕ್ಕೇನೂ ಕಮ್ಮಿ ಇಲ್ಲ. ಕಾರು ಮಾತ್ರ ಇಲ್ಲ.

ಮಾರ್ಚ್ 6, ಗುರುವಾರ. ಮಧ್ಯಾಹ್ನ

ಬಸ್ ಸ್ಟಾಪಿನಲ್ಲಿದ್ದಾಗ ಫೋನು. ಹೆಂಗಸಿನ ಗಟ್ಟಿ ದನಿ, ಹಲ್ಲಿನ ಡಾಕ್ಟರಂತೆ. ಅವರ ತಂದೆಗೆ ಎಪ್ಪತ್ತೆಂಟು. ಲೈಸೆನ್ಸ್ ರಿನ್ಯೂ ಆಗಬೇಕಾದರೆ ಶ್ರವಣ ವರದಿ ಕೊಡಬೇಕು. ಕ್ಲಿನಿಕ್ಕಿಗೆ ಬರಲು ಒಪ್ಪುತ್ತಿಲ್ಲ, ನೀವೇ ಮನೆಗೆ ಬನ್ನಿ ಎಂದರು. ಹದಿಮೂರಕ್ಕೆ ಗೊತ್ತು ಮಾಡಿದೆ. ಅಷ್ಟರಲ್ಲಿ ಬಸ್ಸು, ಓಟ, ಪೆಟ್ಟಿಗೆ, ಏದುಸಿರು. ಯಾಕೆ, ನಿಮ್ಮ ಹತ್ರ ಗಾಡಿ ಇಲ್ವಾ ಎಂದು ಕೇಳಿದರು. ಇತ್ತು, ಸತ್ತಿತು ಅಂದೆ.

ಆಗ ಹೇಳಿದರು, ಅಪ್ಪನ ಕಾರು ಮಾರಬೇಕು ಅಂತಿದ್ದೀನಿ, ಹೈಬ್ರಿಡ್ಡು, ಹನ್ನೊಂದು ವರ್ಷದ್ದು, ಗಾಡಿ ನನ್ನ ಹೆಸರಲ್ಲೇ ಇದೆ. ಹೇಳಿದ ಬೆಲೆ ನನ್ನ ಮೂರು ತಿಂಗಳ ಸಂಬಳಕ್ಕಿಂತ ಕಮ್ಮಿ. ಎಷ್ಟು ಓಡಿದೆ ಎಂದು ಕೇಳಿದೆ. ಎರಡು ಲಕ್ಷ ಎಂಬತ್ತೇಳು ಸಾವಿರ. ಟ್ಯಾಕ್ಸಿ ಓಡಿಸ್ತಿದ್ರಾ ಅಂದೆ. ಇಲ್ಲ, ಅದೊಂದು ದೊಡ್ಡ ಕಥೆ ಅಂದರು. ತಂದೆಯವರು ಮಾರಲು ಒಪ್ಪಿದ್ದಾರಾ ಎಂಬ ಪ್ರಶ್ನೆಗೆ, ಅವರಿಗಿನ್ನೂ ಹೇಳಿಲ್ಲ, ಲೈಸೆನ್ಸ್ ಹೇಗೂ ಸಿಗಲ್ಲವಲ್ಲ, ಆಮೇಲೆ ಹೇಳ್ತೀನಿ ಎಂದರು.

ಅಲ್ಲೇ ಬೇಡ ಅನ್ನಬೇಕಿತ್ತು. ಪರೀಕ್ಷೆ ಮಾಡುವವಳೂ ನಾನೇ, ಕೊಳ್ಳುವವಳೂ ನಾನೇ. ಇದು ಸರಿಯಲ್ಲ ಎಂದು ಹೇಳಿಕೊಡಬೇಕಾ ನನಗೆ?

ನಾಳೆ ನೋಡಲು ಬರುತ್ತೇನೆ ಅಂದುಬಿಟ್ಟೆ.

ಮಾರ್ಚ್ 7, ಶುಕ್ರವಾರ. ಸಂಜೆ

ಹಲ್ಲಿನ ಆಸ್ಪತ್ರೆಯ ಹಿಂದಿನ ಅಂಗಳದಲ್ಲಿ ನಿಂತಿತ್ತು. ಸರ್ವೀಸಿಂಗ್ ಅಂತ ಅಪ್ಪನಿಗೆ ಸುಳ್ಳು ಹೇಳಿ ತಂದಿದ್ದರು. ಬೂದು ಬಣ್ಣ. ಮುಂದಿನ ಬಂಪರ್‌ನ ಎಡಕ್ಕೆ ಒಂದು ತರಚು. ಒಳಗೆ ಚೊಕ್ಕಟ. ಸ್ಟೀರಿಂಗಿನ ಮೇಲೆ ಹತ್ತು ಮತ್ತು ಎರಡರ ಜಾಗದಲ್ಲಿ ಮಾತ್ರ ಚರ್ಮ ಸವೆದು ನುಣುಪಾಗಿದೆ. ಹನ್ನೊಂದು ವರ್ಷ ಎರಡು ಕೈ ಅಲ್ಲೇ ಇದ್ದವು ಅಂತಾಯಿತು.

ಗುಂಡಿ ಒತ್ತಿದೆ. ಏನೂ ಆಗಲಿಲ್ಲ. ಮತ್ತೆ ಒತ್ತಿದೆ. ಆನ್ ಆಗಿದೆ ಆಗಿದೆ, ಶಬ್ದ ಬರಲ್ಲ ಅಷ್ಟೆ ಎಂದು ಹಲ್ಲಿನ ಡಾಕ್ಟರ್ ನಕ್ಕರು.

ಕಿಲೋಮೀಟರಿನ ಕಥೆ ಆಗ ಹೇಳಿದರು. ತಾಯಿಗೆ ಮರೆವಿನ ಕಾಯಿಲೆ ಬಂತು. ನಾಲ್ಕು ಗಂಟೆ ಆಯಿತೆಂದರೆ ಚಡಪಡಿಕೆ. ಮನೆಗೆ ಹೋಗಬೇಕು, ಮನೆಗೆ ಹೋಗಬೇಕು ಎಂದು ತನ್ನ ಮನೆಯಲ್ಲೇ ನಿಂತು ಅಳು. ಕಾರಿನಲ್ಲಿ ಕೂರಿಸಿ ಓಡಿಸಿದರೆ ಮಾತ್ರ ಸಮಾಧಾನ. ಅದಕ್ಕೆ ತಂದೆ ದಿನಾ ನಾಲ್ಕರಿಂದ ಆರೂವರೆ, ಊರು ಸುತ್ತುವ ರಿಂಗ್ ರೋಡಿನಲ್ಲಿ ಎರಡು ಸುತ್ತು. ಏಳು ವರ್ಷ, ಒಂದು ದಿನ ತಪ್ಪದೆ. ತಾಯಿ ಹೋಗಿ ಹದಿನಾಲ್ಕು ತಿಂಗಳಾಯಿತು. ಈಗಲೂ ನಾಲ್ಕಕ್ಕೆ ಕೀ ತಗೊಂಡು ಹೊರಡುತ್ತಾರಂತೆ, ಒಬ್ಬರೇ.

ಆ ತರಚು? ಜನವರಿಯಲ್ಲಿ ಸೈಕಲ್ ಹುಡುಗಿ. ಬೆಲ್ ಹೊಡೆದಳಂತೆ, ಕೂಗಿದಳಂತೆ, ತಂದೆಗೆ ಕೇಳಿಸಲಿಲ್ಲ. ಮೊಣಕೈ ತರಚಿತು, ಅಷ್ಟೇ. "ಅವತ್ತು ಮೊಣಕೈ. ನಾಳೆ?" ಅಂದರು. ಗಟ್ಟಿ ದನಿ ಅಷ್ಟೊತ್ತಿಗೆ ಗಟ್ಟಿ ಇರಲಿಲ್ಲ.

ಮಾರ್ಚ್ 9, ಭಾನುವಾರ

ಗ್ಯಾರೇಜು. ಇವರೂ ಬಂದರು, ಹಸಿರು ಕಾರ್ಡ್ ಹಿಡಿದುಕೊಂಡು. ಹನ್ನೆರಡು ಪ್ರಶ್ನೆ ಬರೆದುಕೊಂಡಿದ್ದರು. ಗ್ಯಾರೇಜಿನವನು ಮೂರನೆಯದಕ್ಕೇ ಕಾರಿನ ಅಡಿಗೆ ನುಸುಳಿದ.

ಅವನ ಪ್ರಕಾರ ಎಂಜಿನ್ ಗಟ್ಟಿ. ರಿಂಗ್ ರೋಡಿನ ಕಿಲೋಮೀಟರು ಒಳ್ಳೇ ಕಿಲೋಮೀಟರು, ಪೇಟೆಯೊಳಗೆ ನಿಂತು ನಿಂತು ಓಡಿದ ಐವತ್ತು ಸಾವಿರಕ್ಕಿಂತ ಇದೇ ವಾಸಿ. ಆದರೆ ಹಿಂದಿನ ಸೀಟಿನ ಅಡಿಯ ದೊಡ್ಡ ಬ್ಯಾಟರಿ... ಸ್ಕ್ಯಾನರ್ ಹಾಕಿದ. ಒಳಗಿನ ಎರಡು ತುಂಡು ಸುಸ್ತಾಗಿವೆ ಅಂದ. ಎಷ್ಟು ದಿನ ಬರುತ್ತೆ? ನಾಳೆನೇ ಹೋಗ್ಬೋದು, ಆರು ವರ್ಷ ಬಂದ್ರೂ ಬರ್ಬೋದು. ಹೋದರೆ? ಕಾರಿಗೆ ಕೊಟ್ಟದ್ದರಲ್ಲಿ ಅರ್ಧ. ಹಾಗಾದರೆ ತಗೊಳ್ಳಲಾ ಬೇಡವಾ? "ಯಂತ್ರ ಅಲ್ವಾ ಮೇಡಂ" ಅಂದ. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಇವರಿಗೊಬ್ಬ ಜೊತೆಗಾರ ಸಿಕ್ಕಿದ.

ನನಗೆ ಮಾತ್ರ ಒಂದು ಶಬ್ದ ಕೇಳಿಸುತ್ತಿತ್ತು. ಹಿಂದಿನ ಸೀಟಿನ ಪಕ್ಕದಿಂದ ಸಣ್ಣ ಶಿಳ್ಳೆ, ನಾಲ್ಕು ಸಾವಿರ ಹರ್ಟ್ಸ್ ಆಸುಪಾಸು. ದಿನಾ ಬೆಳಗಾದರೆ ಅದನ್ನೇ ಜನರ ಕಿವಿಗೆ ಬಿಡುವವಳು ನಾನು, ತಪ್ಪಲಾರದು. ತೋರಿಸಿದೆ. ಅದು ಬ್ಯಾಟರಿಗೆ ಗಾಳಿ ಬಿಡುವ ಫ್ಯಾನು, ಕಟ್ಟಿಕೊಂಡಿದೆ, ಅದಕ್ಕೇ ಬ್ಯಾಟರಿ ಕಾಯುತ್ತಿದೆ ಎಂದು ಜಾಲರಿ ಬಿಚ್ಚಿದ. ಒಳಗಿನಿಂದ ಒಂದು ಮುಷ್ಟಿ ಉಣ್ಣೆ ಎಳೆದ. ತಿಳಿನೀಲಿ. ಒತ್ತಿ ಒತ್ತಿ ಬಿಲ್ಲೆಯಾಗಿತ್ತು. "ಮನೇಲಿ ನೀಲಿ ಬೆಕ್ಕು ಸಾಕಿದ್ರಾ?" ಎಂದು ತಾನೇ ನಕ್ಕ.

ಶಾಲು. ಆ ತಾಯಿ ಏಳು ವರ್ಷ ಈ ಸೀಟಿನಲ್ಲಿ ಕೂತು ಎಳೆ ಎಳೆಯಾಗಿ ಕಿತ್ತಿದ್ದಾರೆ. ನಾನು ಹೇಳಲಿಲ್ಲ. ಇವರು ಹೆಸರುಕಾಳಿನಷ್ಟು ಅಕ್ಷರದಲ್ಲಿ ಕಾರ್ಡಿನ ಮೇಲೆ ಬರೆದುಕೊಂಡರು: ಫ್ಯಾನ್—ಕ್ಲೀನ್ ಮಾಡಿದೆ.

ಫ್ಯಾನ್ ಹಾಕಿದ ಮೇಲೆ ಶಿಳ್ಳೆ ಇಲ್ಲ. ಹತ್ತು ನಿಮಿಷ ನಾನೇ ಓಡಿಸಿದೆ. ಎಷ್ಟು ಹಗುರ, ಎಷ್ಟು ನಿಶ್ಶಬ್ದ. ಪೆಟ್ಟಿಗೆ ಹಿಂದಿನ ಸೀಟಿನಲ್ಲಿ. ಏಳು ಮನೆ ಏನು, ಒಂಬತ್ತು ನೋಡಬಹುದು.

ಬೇಕು. ಈ ಕಾರು ನನಗೆ ಬೇಕು. ಬರೆದರೆ ನಾಚಿಕೆಯಾಗುತ್ತದೆ.

ಮಾರ್ಚ್ 10, ಸೋಮವಾರ

ಇವರ ಅಭಿಪ್ರಾಯ: ಬ್ಯಾಟರಿ ವಿಷಯ ಇನ್ನೂ ಸ್ವಲ್ಪ ಓದಬೇಕು. ವಿಡಿಯೋ ನೋಡುತ್ತಿದ್ದಾರೆ. ಯಾರೋ ಒಬ್ಬ ಐದು ಲಕ್ಷ ಕಿ.ಮೀ. ಓಡಿಸಿದನಂತೆ. ಇನ್ನೊಬ್ಬನದು ಕೊಂಡ ಎಂಟನೇ ದಿನಕ್ಕೆ ನಿಂತಿತಂತೆ. ಎರಡನ್ನೂ ಅಷ್ಟೇ ಶ್ರದ್ಧೆಯಿಂದ ನೋಡಿದರು.

ಇವತ್ತು ಎರಡೇ ಮನೆ. ಕೊನೆಯ ಬಸ್ ಬದಲಿಸುವಾಗ ಪೆಟ್ಟಿಗೆಯ ಮೂಲೆ ಮೊಣಕಾಲಿಗೆ ಬಡಿಯಿತು. ನೀಲಿಗಟ್ಟಿದೆ.

ಮಾರ್ಚ್ 13, ಗುರುವಾರ. ಮಧ್ಯಾಹ್ನ 2

ಪರೀಕ್ಷೆ ಆಯಿತು. ಇದನ್ನು ನೆಟ್ಟಗೆ ಬರೆಯಬೇಕು.

ಎತ್ತರದ ಆಳು. ಇಸ್ತ್ರಿ ಅಂಗಿ. ಮೂವತ್ತೆಂಟು ವರ್ಷ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಮೆಷಿನ್ ಓಡಿಸಿದವರು. ಆ ಸದ್ದು ಕಿವಿ ತಿಂದಿದೆ, ಗ್ರಾಫ್ ನೋಡಿದರೆ ಮಕ್ಕಳಿಗೂ ತಿಳಿಯುತ್ತದೆ. ತುಟಿ ಕಾಣದಂತೆ ಕಾರ್ಡ್ ಅಡ್ಡ ಹಿಡಿದು ಪದ ಹೇಳಿದೆ. ಸಾಲು ಅಂದರೆ ಹಾಲು ಅಂದರು. ತೋಟ ಅಂದರೆ ಓಟ. ಇಪ್ಪತ್ತೈದರಲ್ಲಿ ಒಂಬತ್ತು ಸರಿ. ಪ್ರತಿ ತಪ್ಪನ್ನೂ ಪೂರ್ತಿ ಧೈರ್ಯದಿಂದ ಹೇಳಿದರು.

ಕಿವಿಗೆ ಹಾಕುವ ಯಂತ್ರ ಇದೆಯಾ ಎಂದು ಕೇಳಿದೆ. ಡ್ರಾಯರಿನಿಂದ ಡಬ್ಬಿ ತೆಗೆದರು. ಒಳ್ಳೇ ಜೊತೆ, ಮೂರು ವರ್ಷದ ಹಿಂದಿನದು, ಮಗಳು ಕೊಡಿಸಿದ್ದು. ಒಂದರ ಸೆಲ್ ಸತ್ತಿದೆ, ಇನ್ನೊಂದರ ತುದಿಗೆ ಗುಗ್ಗೆ. ಯಾಕೆ ಹಾಕಿಕೊಳ್ಳುವುದಿಲ್ಲ ಅಂದೆ. ಕಿರುಚುತ್ತವೆ, ಅಳತೆ ಸರಿಯಿಲ್ಲ ಅಂದರು. ಆಮೇಲೆ, "ಅವಳು ಹೋದ್ಮೇಲೆ ಯಾರ ಮಾತು ಕೇಳ್ಬೇಕಿತ್ತು?" ಅಂದರು.

ಈಗ ನಿಜ. ಆ ಯಂತ್ರಗಳನ್ನು ಸ್ವಚ್ಛ ಮಾಡಿ, ತುದಿ ಬದಲಿಸಿ, ಲ್ಯಾಪ್‌ಟಾಪಿಗೆ ಹಾಕಿ ಎರಡು ಸಲ ಹೊಂದಿಸಿದರೆ ಈ ಕಿವಿಗೆ ಲೈಸೆನ್ಸಿನ ಮಟ್ಟ ಮುಟ್ಟಬಹುದು. ಖಂಡಿತ ಅಲ್ಲ, ಬಹುಶಃ. ವರದಿಯಲ್ಲಿ ಎರಡು ಕಲಂ. 'ಯಂತ್ರವಿಲ್ಲದೆ'. 'ಯಂತ್ರದೊಂದಿಗೆ'. ಎರಡನೆಯದರಲ್ಲಿ ಪಾಸಾದರೂ ಲೈಸೆನ್ಸ್ ಸಿಗುತ್ತದೆ.

ಮೊದಲನೆಯದನ್ನು ತುಂಬಿದೆ. ಎರಡನೆಯದನ್ನು ಖಾಲಿ ಬಿಟ್ಟು ಸಹಿ ಹಾಕಿದೆ.

ಬರೆದದ್ದರಲ್ಲಿ ಒಂದು ಸುಳ್ಳಿಲ್ಲ. ಯಾರೂ ಕೇಳುವುದಿಲ್ಲ. ಪರೀಕ್ಷೆಯ ದಿನ ಕೆಲಸ ಮಾಡುವ ಯಂತ್ರ ಇರಲಿಲ್ಲ, ಅಷ್ಟೇ. ವರದಿ ಬ್ಯಾಗಿನಲ್ಲಿದೆ. ಕಳಿಸಲು ಒಂದು ವಾರ ಸಮಯ.

ಹೊರಡುವಾಗ ಪೆಟ್ಟಿಗೆಯನ್ನು ಬಾಗಿಲತನಕ ಅವರೇ ಹೊತ್ತು ತಂದರು. ಗಾಡಿ ಎಲ್ಲಿ ನಿಲ್ಲಿಸಿದ್ದೀಯಮ್ಮ ಅಂದರು. ಬಸ್ಸು ಅಂದೆ. ಬಾ, ಬಿಡ್ತೀನಿ ಎಂದು ಕೀ ತೆಗೆದುಕೊಂಡರು. ಬೇಡ ಬೇಡ ಎಂದು ಓಡಿಬಂದೆ.

ಮಾರ್ಚ್ 14, ಶುಕ್ರವಾರ

ವರದಿ ಪೋಸ್ಟ್ ಮಾಡಲಿಲ್ಲ. ಲಕೋಟೆ ಇರಲಿಲ್ಲ.

ಮಾರ್ಚ್ 15, ಶನಿವಾರ

ಲಕೋಟೆ ತಂದೆ.

ಮಾರ್ಚ್ 18, ಮಂಗಳವಾರ. ಸಂಜೆ 5

ಎರಡು ದಿನ ಏನೂ ಬರೆದಿಲ್ಲ. ಬರೆದರೆ ಓದಬೇಕಾಗುತ್ತದಲ್ಲ.

ಹಲ್ಲಿನ ಡಾಕ್ಟರ್ ಎರಡು ಸಲ ಫೋನ್ ಮಾಡಿದರು. ವರದಿ ಹೋಯಿತಾ? ಕಾರಿಗೆ ಇನ್ನೊಬ್ಬರು ಕೇಳುತ್ತಿದ್ದಾರೆ, ನಿಮ್ಮ ಯಜಮಾನರು ಏನಂತಾರೆ? ನೋಡೋಣ ಅಂತಾರೆ ಎಂದೆ. ಈ ಮಾತು ನನ್ನ ಬಾಯಿಂದ ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಇವತ್ತು ಬೆಳಿಗ್ಗೆ ನಡುವಯಸ್ಸಿನ ಟೀಚರ್ ಒಬ್ಬರಿಗೆ ಯಂತ್ರ ಹೊಂದಿಸುತ್ತಿದ್ದೆ. ಕಿರುಚುತ್ತದೆ, ಬೇಡವೇ ಬೇಡ ಎಂದು ಹಟ ಹಿಡಿದಿದ್ದರು. ಒಂದೂವರೆ ಗಂಟೆ ಕೂತು ಅವರನ್ನು ಒಪ್ಪಿಸಿದೆ. ಹೊರಗೆ ಬಂದಾಗ ನನ್ನ ಮೇಲೇ ಅಸಹ್ಯವಾಯಿತು. ಟೀಚರಿಗೆ ಒಂದೂವರೆ ಗಂಟೆ ಕೊಟ್ಟೆ, ಏಕೆಂದರೆ ಅವರ ಹತ್ತಿರ ನನಗೆ ಬೇಕಾದ್ದು ಏನೂ ಇಲ್ಲ.

ಎರಡು ಬಸ್ ಬದಲಿಸಿ ಪ್ರೆಸ್ಸಿನವರ ಮನೆಗೆ ಹೋದೆ. ನಾಲ್ಕಕ್ಕೆ ಇನ್ನೂ ಸಮಯವಿತ್ತು. ಯಂತ್ರ ಬಿಚ್ಚಿ ತೊಳೆದೆ, ಹೊಸ ತುದಿ, ಹೊಸ ಸೆಲ್, ಲ್ಯಾಪ್‌ಟಾಪ್. ಬಲಗಿವಿಯದನ್ನು ಹಾಕಿದಾಗ ಮುಖ ಕಿವಿಚಿದರು. ಅದೇನದು ಟಕ್ ಟಕ್ ಅಂದರು. ಗೋಡೆ ಗಡಿಯಾರ. ಅದು ನಿಂತು ಹೋಗಿದೆ ಎಂದುಕೊಂಡಿದ್ದರಂತೆ ಪಾಪ. ಗುರುವಾರ ಬೆಳಿಗ್ಗೆ ಮತ್ತೆ ಬರುತ್ತೇನೆ, ಅಲ್ಲಿತನಕ ತೆಗೆಯಬೇಡಿ, ಕಾರು ಓಡಿಸಬೇಡಿ ಅಂದೆ. ತಲೆಯಾಡಿಸಿದರು.

ಕಾರಿಗೆ ಎಳ್ಳುನೀರು ಬಿಟ್ಟ ಹಾಗೇ ಲೆಕ್ಕ. ಬಸ್ಸಿನಲ್ಲಿ ಸೀಟೂ ಸಿಗಲಿಲ್ಲ.

ಮಾರ್ಚ್ 20, ಗುರುವಾರ. ಮಧ್ಯಾಹ್ನ 12

ಇಪ್ಪತ್ತೈದರಲ್ಲಿ ಇಪ್ಪತ್ತೊಂದು. ಹಿನ್ನೆಲೆ ಸದ್ದು ಹಾಕಿದರೂ ಹದಿನೆಂಟು. ಬೇಕಾದದ್ದು ಹದಿನೇಳು. ಎರಡನೇ ಕಲಂ ತುಂಬಿದೆ. 'ಯಂತ್ರ ಧರಿಸಿದಾಗ ಮಾತ್ರ' ಎಂದು ಅಡಿಗೆರೆ ಎಳೆದೆ. ಹನ್ನೊಂದು ಗಂಟೆಗೆ ಪೋಸ್ಟ್ ಬಾಕ್ಸಿನ ಬಾಯಿಗೆ ಹಾಕಿದೆ. ಒಳಗೆ ಬಿದ್ದ ಸದ್ದು ಕೇಳಿತು.

ಸಮಾಧಾನ ಅನ್ನಿಸಬೇಕಿತ್ತು. ಹಸಿವಾಗಿತ್ತು, ಅಷ್ಟೇ.

ಮಾರ್ಚ್ 20. ಸಂಜೆ 7

ಮನೆಗೆ ಬಂದರೆ ಇವರು ಬಾಗಿಲಲ್ಲೇ ನಿಂತಿದ್ದರು. ಮುಖದಲ್ಲಿ ಏನೋ ಹೊಳಪು. ಮೇಜಿನ ಮೇಲೆ ಒಂದೂ ಕಾರ್ಡ್ ಇಲ್ಲ.

"ಕಾರಿಗೆ ಅಡ್ವಾನ್ಸ್ ಕೊಟ್ಬಿಟ್ಟೆ" ಅಂದರು.

ಯಾವಾಗ? ಬೆಳಿಗ್ಗೆ ಹನ್ನೊಂದಕ್ಕೆ. ರಜೆ ಹಾಕಿ ಹಲ್ಲಿನ ಆಸ್ಪತ್ರೆಗೆ ಹೋಗಿದ್ದರಂತೆ. ನನ್ನ ಮೊಣಕಾಲು ನೀಲಿಗಟ್ಟಿದ್ದು ನೋಡಿ ಮನಸ್ಸು ತಡೆಯಲಿಲ್ಲವಂತೆ. ಶನಿವಾರ ಕಾಗದ ಪತ್ರ.

ಹತ್ತೊಂಬತ್ತು ವರ್ಷದಲ್ಲಿ ಈ ಮನುಷ್ಯ ಒಬ್ಬರೇ ಮಾಡಿದ ಮೊದಲ ತೀರ್ಮಾನ. ಇವತ್ತೇ ಆಗಬೇಕಿತ್ತಾ?

ಕುರ್ಚಿಯ ಮೇಲೆ ಕೂತೆ. ಎಲ್ಲ ಹೇಳಿದೆ. ಖಾಲಿ ಬಿಟ್ಟ ಕಲಂ, ಲಕೋಟೆ, ಇಪ್ಪತ್ತೊಂದು. ಅಡ್ವಾನ್ಸ್ ವಾಪಸ್ ಕೇಳಿ ಅಂದೆ. ಇವರು ಖಾಲಿ ಮೇಜನ್ನು ಅಂಗೈಯಿಂದ ಒರೆಸಿದರು. ಆಮೇಲೆ ಮೆಲ್ಲಗೆ, ಗಾಡಿ ಮಗಳ ಹೆಸರಲ್ಲಿದೆ, ಮಾರುವುದು ಅವಳ ಹಕ್ಕು, ನೀನು ವರದಿ ನಿಯತ್ತಾಗಿ ಕೊಟ್ಟೆ, ನಿನ್ನ ಕೆಲಸ ಅಲ್ಲಿಗೆ ಮುಗೀತು, ಈಗ ಕೊಂಡರೆ ಏನು ತಪ್ಪು ಎಂದರು. ಕಾನೂನಿನಲ್ಲಿ ತಪ್ಪಿಲ್ಲ. ಅದೇ ಕಷ್ಟ.

ಬೆಳಿಗ್ಗೆ ಪ್ರೆಸ್ಸಿನವರ ಕಿವಿಗೆ ಯಂತ್ರ ನಾನೇ ಹಾಕಿ, ಇನ್ನು ನೀವು ಓಡಿಸಬಹುದು ಅಂದು ಬಂದಿದ್ದೇನೆ. ಶನಿವಾರ ಹೋಗಿ ಕೀ ಕೊಡಿ ಅನ್ನಲಾ?

ದನಿ ಏರಿತು, ನನ್ನದೇ. ಯಾವತ್ತೂ ತೀರ್ಮಾನ ಮಾಡದವರು, ಮಾಡಿದ ಒಂದನ್ನೂ ನನ್ನನ್ನು ಕೇಳದೆ ಮಾಡಿದಿರಿ ಅಂದೆ. ಆಡಬಾರದಿತ್ತು. ಇವರು ಕಿಟಕಿಯ ಕಡೆ ತಿರುಗಿ ನಿಂತರು.

"ಮಗುವಿನ ಅರ್ಜಿಗೆ ನೋಡೋಣ ನೋಡೋಣ ಅಂದೆ. ನಿನ್ನ ವಯಸ್ಸು ದಾಟೋವರೆಗೂ ಅಂದೆ. ಅದು ನಂಗೆ ಮರೆತಿದೆ ಅಂದ್ಕೊಂಡಿದ್ದೀಯಾ?"

ನಾವು ಹದಿಮೂರು ವರ್ಷದಿಂದ ಆ ಅರ್ಜಿಯ ಮಾತೆತ್ತಿಲ್ಲ. ದತ್ತು ಕೇಂದ್ರದ ಕಂದು ಫೈಲು ಇನ್ನೂ ಕಪಾಟಿನ ಮೇಲಿದೆ. ಧೂಳು ಹೊಡೆಯುವಾಗ ಎತ್ತಿ, ಹೊಡೆದು, ಅಲ್ಲೇ ಇಡುತ್ತೇನೆ.

ನೀರು ಕುಡಿದೆ. ಅವರಿಗೂ ಒಂದು ಲೋಟ ಕೊಟ್ಟೆ. ತಗೊಂಡರು.

ಮಾರ್ಚ್ 21, ಶುಕ್ರವಾರ

ಮಾತಿಲ್ಲ. ಉಪ್ಪು ಬೇಕಾ, ಬೇಡ. ಬಾಗಿಲು ಹಾಕಿದೆಯಾ, ಹಾಕಿದೆ.

ಮಧ್ಯಾಹ್ನ ಹಲ್ಲಿನ ಡಾಕ್ಟರ್ ಫೋನು. ನಾನು ನಿನ್ನೆ ಕೊಟ್ಟುಬಂದ ವರದಿಯ ಪ್ರತಿ ತಂದೆಯ ಕೈಯಲ್ಲಿದೆ, ಅವರು ಫ್ರೇಮ್ ಹಾಕಿಸುವುದೊಂದು ಬಾಕಿ. "ನಿಮ್ಮನ್ನ ನಂಬಿದ್ದೆ. ಆ ಸೈಕಲ್ ಹುಡುಗಿ ಜಾಗದಲ್ಲಿ ಇನ್ಯಾರಾದ್ರೂ ಬಿದ್ರೆ ನೀವು ಬಂದು ಎತ್ತೀರಾ?" ಅಂದರು. ಅವರ ಭಯ ಸುಳ್ಳಲ್ಲ. ಯಂತ್ರ ಹಾಕಿಕೊಳ್ಳದೆ ಓಡಿಸಿದರೆ? ಒಂದು ದಿನ ಸೆಲ್ ಸತ್ತರೆ? ನಾನು ಪರೀಕ್ಷೆ ಮಾಡಿದ್ದು ಕಿವಿ, ಮನುಷ್ಯನನ್ನಲ್ಲ.

ಶನಿವಾರ ಬರುವುದಿಲ್ಲ, ಅಡ್ವಾನ್ಸ್ ವಿಷಯ ಯಜಮಾನರು ಮಾತಾಡುತ್ತಾರೆ ಅಂದೆ. ಕ್ಲಿನಿಕ್ಕಿಗೆ ದೂರು ಬರೆಯುತ್ತೇನೆ ಅಂದರು. ಬರೆಯಲಿ.

ಮಾರ್ಚ್ 23, ಭಾನುವಾರ. ಸಂಜೆ 6.30

ನಿನ್ನೆ ಇವರೇ ಕೇಳಿದರು, ಆ ಪ್ರೆಸ್ಸಿನವರ ಮನೆ ಎಲ್ಲಿ? ಯಾಕೆ ಅಂದೆ. ಕೊಳ್ಳಲು ಹೊರಟವನು ಓಡಿಸುವವರ ಮುಖ ನೋಡಬೇಡವಾ ಅಂದರು.

ಮೂರೂವರೆಗೆ ಹೋದೆವು. ಎಲ್ಲವನ್ನೂ ಹೇಳಿಬಿಡುವುದು ಎಂದು ದಾರಿಯಲ್ಲೇ ಗಟ್ಟಿ ಮಾಡಿಕೊಂಡಿದ್ದೆ. ಹೇಳಿದೆ. ಕಾರು ನನಗೆ ಬೇಕಿತ್ತು, ಅದಕ್ಕೇ ಮೊದಲ ಸಲ ಕಲಂ ಖಾಲಿ ಬಿಟ್ಟಿದ್ದೆ, ಇವರು ಅಡ್ವಾನ್ಸ್ ಕೊಟ್ಟಿದ್ದಾರೆ. ಕಿವಿಯಲ್ಲಿ ಯಂತ್ರ ಇತ್ತು, ಒಂದಕ್ಷರ ತಪ್ಪದೆ ಕೇಳಿಸಿಕೊಂಡರು. ಯಂತ್ರ ಇಲ್ಲದಿದ್ದರೆ ಚೆನ್ನಾಗಿತ್ತು ಅನ್ನಿಸಿತು ನನಗೆ.

ಮಗಳು ಸರ್ವೀಸಿಂಗ್ ಅಂದಾಗಲೇ ಅನುಮಾನ ಬಂದಿತ್ತಂತೆ, ಸರ್ವೀಸಿಂಗ್ ಹೋದ ತಿಂಗಳಷ್ಟೇ ಆಗಿತ್ತಲ್ಲ. ನನ್ನ ಮೇಲೆ ಕೋಪ ಇದೆಯಾ ಅಂದೆ. ಇದೆ ಅಂದರು. "ಖಾಲಿ ಬಿಟ್ಟಿದ್ದಕ್ಕೆ ಕೋಪ ಇದೆ. ವಾಪಸ್ ಬಂದ್ಯಲ್ಲ, ಅದಕ್ಕೆ ಇಲ್ಲ." ಹಾಗೆಂದು ಎದ್ದು ಕೀ ತೆಗೆದುಕೊಂಡು ಇವರಿಗೆ, ಬನ್ನಿ ಸಾರ್, ಒಂದು ಸುತ್ತು, ಆಮೇಲೆ ಬೇಕಾದರೆ ತಗೊಂಡು ಹೋಗಿ ಅಂದರು.

ನಾನು ಹೋಗಲಿಲ್ಲ. ಮೆಟ್ಟಿಲ ಮೇಲೆ ಕೂತೆ. ಒಂದು ಗಂಟೆ ಹತ್ತು ನಿಮಿಷ. ಆ ಹೊತ್ತಿನಲ್ಲಿ ಏನೇನು ಅಪಘಾತ ಸಾಧ್ಯವೋ ಎಲ್ಲವನ್ನೂ ತಲೆಯಲ್ಲಿ ಮಾಡಿಸಿ ಮುಗಿಸಿದೆ.

ಬಂದರು. ಇವರು ಇಳಿದು ನೇರ ನನ್ನ ಹತ್ತಿರ ಬಂದು, ಆ ದೊಡ್ಡ ಸರ್ಕಲ್ಲಿನಲ್ಲಿ ಹಿಂದಿನಿಂದ ಆಂಬುಲೆನ್ಸ್ ಬಂತು, ನನಗೆ ಕೇಳಿಸುವ ಮೊದಲೇ ಅವರು ಎಡಕ್ಕೆ ಸರಿದು ನಿಲ್ಲಿಸಿದ್ದರು ಅಂದರು. "ಈ ಕಾರು ಬೇಡ" ಅಂದರು. ನೋಡೋಣ ಅನ್ನಲಿಲ್ಲ.

ದಾರಿಯುದ್ದಕ್ಕೂ ಏನು ಮಾತಾಡಿದಿರಿ ಎಂದು ಬಸ್ಸಿನಲ್ಲಿ ಕೇಳಿದೆ. ಬ್ಯಾಟರಿ ವಿಷಯ ಅಂದರು. ಇನ್ನೇನೋ ಇತ್ತು. ಕಣ್ಣು ಕೆಂಪಗಿತ್ತು. ನಾನು ಕೆದಕಲಿಲ್ಲ.

ಏಪ್ರಿಲ್ 5, ಶನಿವಾರ

ಬರೆಯಲು ಪುರುಸೊತ್ತಿಲ್ಲ. ಬಸ್ಸಿನಲ್ಲಿ ನಿಂತು ಬರೆಯಲಾಗುವುದಿಲ್ಲ, ಮನೆಗೆ ಬಂದರೆ ಕೈ ಏಳುವುದಿಲ್ಲ.

ಚುಟುಕಾಗಿ. ದೂರು ಬಂತು. ಡಾಕ್ಟರಮ್ಮ ಕೂರಿಸಿಕೊಂಡು ಕೇಳಿದರು, ಹೇಳಿದೆ. ವರದಿಯಲ್ಲಿ ತಪ್ಪಿಲ್ಲ, ಆದರೆ ಕಾರು ನೋಡಿದ ದಿನವೇ ಈ ಕೇಸು ಬೇರೆಯವರಿಗೆ ಕೊಡಿ ಅನ್ನಬೇಕಿತ್ತು ಎಂದರು. ಹೌದು, ಅನ್ನಬೇಕಿತ್ತು. ಲಿಖಿತ ಎಚ್ಚರಿಕೆ, ಫೈಲಿನಲ್ಲಿ ಒಂದು ಹಾಳೆ. ಹದಿನಾರು ವರ್ಷದಲ್ಲಿ ಮೊದಲನೆಯದು. ಮುಖಕ್ಕೆ ಹೊಡೆದ ಹಾಗಾಯಿತು. ಹೊಡೆಸಿಕೊಳ್ಳುವ ಕೆಲಸ ಮಾಡಿದ್ದೂ ನಾನೇ.

ಹಲ್ಲಿನ ಡಾಕ್ಟರ್ ಅಡ್ವಾನ್ಸ್ ವಾಪಸ್ ಕಳಿಸಿದರು, ಒಂದು ಸಾಲೂ ಬರೆಯದೆ. ಲೈಸೆನ್ಸ್ ರಿನ್ಯೂ ಆಯಿತು, ಪ್ರೆಸ್ಸಿನವರ ಹತ್ತಿರ ಮಗಳು ಮೂರು ತಿಂಗಳ ಒಪ್ಪಂದ ಮಾಡಿಕೊಂಡಿದ್ದಾರಂತೆ: ಯಂತ್ರವಿಲ್ಲದೆ ಕೀ ಮುಟ್ಟುವಂತಿಲ್ಲ, ಕತ್ತಲಾದ ಮೇಲೆ ಓಡಿಸುವಂತಿಲ್ಲ, ವಾರಕ್ಕೊಮ್ಮೆ ಮಗಳು ಪಕ್ಕದಲ್ಲಿ ಕೂರುತ್ತಾಳೆ. ಮೊದಲ ವಾರ ಇಡೀ ರಿಂಗ್ ರೋಡ್ ಜಗಳವಂತೆ. ಎರಡನೇ ವಾರ ಅರ್ಧ ಮಾತ್ರ. ಇದನ್ನೆಲ್ಲ ಇವರಿಗೆ ಫೋನಿನಲ್ಲಿ ಹೇಳಿದ್ದು. ಪ್ರೆಸ್ಸಿನವರಿಗೂ ಇವರಿಗೂ ದಿನಾ ಫೋನು ಈಗ. ನನಗಲ್ಲ.

ನನಗೆ ಕಾರಿಲ್ಲ. ಮನೆಗಳು ಮೂರೇ. ಇವತ್ತು ಮಳೆ, ಪೆಟ್ಟಿಗೆಗೆ ಪ್ಲಾಸ್ಟಿಕ್ ಹೊದಿಸಿದೆ, ನನಗೆ ಹೊದಿಸುವುದು ಮರೆತೆ. ಒಳ್ಳೇ ಕೆಲಸ ಮಾಡಿದವರಿಗೆ ಹಗುರ ಅನ್ನಿಸುತ್ತದೆ ಅನ್ನುತ್ತಾರೆ. ಎಂಟು ಕೆ.ಜಿ. ಎಂಟು ಕೆ.ಜಿ.ಯೇ.

ಏಪ್ರಿಲ್ 9, ಬುಧವಾರ

ಬೆಳಿಗ್ಗೆ ಕಪಾಟಿನ ಮೇಲಿನ ಫೈಲನ್ನು ಇವರೇ ಇಳಿಸಿದರು. ಇಬ್ಬರೂ ಕೂತು ಒಂದೊಂದೇ ಹಾಳೆ ನೋಡಿದೆವು. ನನ್ನ ಫೋಟೋದಲ್ಲಿ ಜಡೆ ಎಷ್ಟು ದಪ್ಪ. ಎಸೆಯಲಿಲ್ಲ. ಒಳಗಿಟ್ಟೆವು. ಲೈಬ್ರರಿಗೆ ತಡವಾಯಿತು ಎಂದು ಅರ್ಧ ತಿಂಡಿಗೆ ಎದ್ದು ಹೋದರು.

ಏಪ್ರಿಲ್ 13, ಭಾನುವಾರ. ಬೆಳಿಗ್ಗೆ 10.40

ಕಾರಿನಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಅಷ್ಟೇನೂ ಕುಣಿಯುತ್ತಿಲ್ಲ.

ಗ್ಯಾರೇಜಿನವನು ಇನ್ನೊಂದು ಹೈಬ್ರಿಡ್ ಪತ್ತೆ ಮಾಡಿದ್ದಾನೆ. ಮೂರು ಲಕ್ಷ ಹನ್ನೆರಡು ಸಾವಿರ ಕಿ.ಮೀ. ಬಾಗಿಲು ಒಂದು ಬಣ್ಣ, ಉಳಿದದ್ದು ಇನ್ನೊಂದು. ಆದರೆ ಬ್ಯಾಟರಿ ಹೋದ ವರ್ಷ ಬದಲಿಸಿದ್ದು, ರಸೀದಿ ಇದೆ. ಬೆಲೆ ಇನ್ನೂ ಕಮ್ಮಿ. ತಗೊಳ್ಳಬಹುದಾ ಅಂದರೆ ಯಥಾಪ್ರಕಾರ ತಲೆ ಕೆರೆದುಕೊಂಡ. ಊರಾಚೆ ಇಪ್ಪತ್ತು ಕಿಲೋಮೀಟರು, ಅಲ್ಲಿಗೆ ಬಸ್ಸಿಲ್ಲ. ಸುದ್ದಿ ಪ್ರೆಸ್ಸಿನವರಿಗೆ ಮುಟ್ಟಿದೆ, ಮುಟ್ಟಿಸಿದವರು ಯಾರೆಂದು ಬೇರೆ ಬರೆಯಬೇಕಿಲ್ಲ. ನಾನು ಕರ್ಕೊಂಡು ಹೋಗ್ತೀನಿ, ಹೈಬ್ರಿಡ್ ನೋಡೋದು ನಿಮಗೇನು ಗೊತ್ತು ಎಂದು ಬೆಳಿಗ್ಗೆ ಬಾಗಿಲಿಗೇ ಬಂದು ನಿಂತರು.

ಹಾಗಾಗಿ ಸಿಗದ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಸಿಗಬಹುದಾದ ಕಾರು ನೋಡಲು ಹೋಗುತ್ತಿದ್ದೇನೆ. ಹೊಟ್ಟೆ ಉರಿಯುವುದಿಲ್ಲ ಅಂದರೆ ಸುಳ್ಳು. ಎಷ್ಟು ಚೆನ್ನಾಗಿ ಓಡುತ್ತದೆ ಹಾಳಾದ್ದು.

ಮುಂದೆ ಇಬ್ಬರದೂ ವಾದ. ಬಣ್ಣ ಬೇರೆ ಇದ್ದರೆ ಆಕ್ಸಿಡೆಂಟ್ ಆಗಿದೆ ಅಂತಲೇ ಅರ್ಥ ಅನ್ನುತ್ತಾರೆ ಪ್ರೆಸ್ಸಿನವರು. ಬಾಗಿಲು ತಾನೇ, ಬ್ಯಾಟರಿ ಅಲ್ಲವಲ್ಲ ಅನ್ನುತ್ತಾರೆ ಇವರು. ನಡುನಡುವೆ ಇವರದು ನಿರ್ಧಾರದ ದನಿ. ಕೇಳಲು ಇನ್ನೂ ಹೊಸದು. ಈ ಸಲ ಆಗಲಿ ಬಿಡಲಿ, ಹೌದು ಅಥವಾ ಇಲ್ಲ ಎಂದು ಇವತ್ತೇ ಹೇಳಿ ಬರುವುದು. ನಾನೇ ಹೇಳುವುದು. ಬೆಳಿಗ್ಗೆ ಇವರಿಗೆ ಹಾಗಂತ ಹೇಳಿಯೇ ಹೊರಟಿದ್ದೇನೆ, ಆಗಲಿ ಅಂದರು.

ಇವರು ಈಗ ಹಿಂದೆ ತಿರುಗಿ ಏನೋ ಕೇಳಿದರು. ಬರೆಯುತ್ತಿದ್ದೆ, ಕೇಳಿಸಲಿಲ್ಲ ಅಂದೆ. ಪ್ರೆಸ್ಸಿನವರು ಕನ್ನಡಿಯಲ್ಲಿ ನನ್ನನ್ನು ನೋಡಿ, ನಾನು ಹೇಳ್ತೀನಿ ಕೇಳಮ್ಮ, ನಿನ್ನ ಯಜಮಾನರು ಕೇಳ್ತಿರೋದು—